ಆಪರೇಷನ್ ತಾಳದವರಿಗಾಗಿ

1990ರ ಸೆಪ್ಟೆಂಬರ್. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಆಸ್ಪತ್ರೆಯೊಂದರಲ್ಲಿ ಎಪ್ಪತ್ತರ ವಯಸ್ಸಿನ ರೋಗಿಯೊಬ್ಬರು ಮಲಗಿದ್ದರು. ಹೊಟ್ಟೆಯೊಳಗಿನ ಮಹಾಪಧಮನಿ ಉಬ್ಬಿತ್ತು, ಬೆನ್ನುನೋವು ಬಿಡುತ್ತಿರಲಿಲ್ಲ. ಉಬ್ಬು ಇದ್ದವರಿಗೆ ಬೆನ್ನು ನೋಯತೊಡಗಿದರೆ ವೈದ್ಯರು ಗಾಬರಿಯಾಗುತ್ತಾರೆ, ಅದು ಒಡೆಯುವ ಸೂಚನೆ ಇರಬಹುದು ಎಂದು. ಹೊಟ್ಟೆ ಸೀಳಿ ಅದನ್ನು ಸರಿಪಡಿಸುವ ಆಪರೇಷನ್ ಆ ಹೊತ್ತಿಗೆ ನಾಲ್ಕು ದಶಕ ಹಳೆಯದು, ದೊಡ್ಡ ಆಸ್ಪತ್ರೆಗಳಿಗೆ ದಿನನಿತ್ಯದ ಕೆಲಸ. ಆದರೆ ಈ ರೋಗಿಯ ಶ್ವಾಸಕೋಶ ತೀರಾ ಕೆಟ್ಟಿತ್ತು. ಪೂರ್ತಿ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದರೆ ಮತ್ತೆ ಏಳುತ್ತಾರೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಿಟ್ಟರೆ ಒಡೆಯುತ್ತದೆ, ಕೊಯ್ದರೆ ಉಸಿರು ನಿಲ್ಲುತ್ತದೆ.

ಹುವಾನ್ ಪರೋಡಿ ಎಂಬ ಸರ್ಜನ್ ಈ ರೋಗಿಯ ತೊಡೆಸಂದಿನ ರಕ್ತನಾಳವನ್ನು ಸಣ್ಣದಾಗಿ ತೆರೆದು, ಅಲ್ಲಿಂದ ಬಟ್ಟೆಯ ಕೊಳವೆಯೊಂದನ್ನು ಮೇಲಕ್ಕೆ ಸಾಗಿಸಿ, ಉಬ್ಬಿದ ಜಾಗದ ಒಳಗೆ ಕೂರಿಸಿದರು. ಹೊಟ್ಟೆಗೆ ಚಾಕು ತಗುಲಲಿಲ್ಲ. ರೋಗಿ ಆಮೇಲೆ ವರ್ಷಗಟ್ಟಲೆ ಬದುಕಿದರು, ಕೊನೆಗೆ ತೀರಿಕೊಂಡದ್ದು ಬೇರೆ ಕಾಯಿಲೆಯಿಂದ.

ವೈದ್ಯಕೀಯ ಇತಿಹಾಸದ ಪುಸ್ತಕಗಳು ಈ ಘಟನೆಯನ್ನು ಗೆಲುವಿನ ಕಥೆಯಾಗಿ ಹೇಳಿ ಮುಗಿಸುತ್ತವೆ. ಗೆಲುವು ಹೌದು. ಆದರೆ ನನಗೆ ಈ ಕಥೆಯಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಆಮೇಲಿನ ಭಾಗ. ಆಪರೇಷನ್ ತಾಳದ ದುರ್ಬಲ ದೇಹಗಳಿಗೆಂದೇ ಹುಟ್ಟಿದ ಈ ವಿಧಾನ, ಆಪರೇಷನ್ ತಾಳಬಲ್ಲ ಗಟ್ಟಿ ಜನರ ಪಾಲಾಯಿತು. ಯಾರಿಗಾಗಿ ಹುಟ್ಟಿತೋ ಅವರ ಆಯುಷ್ಯ ಇದರಿಂದ ನಿಜಕ್ಕೂ ಹೆಚ್ಚಿತೇ ಎಂದು ಹದಿನೈದು ವರ್ಷದ ಬಳಿಕ ಲೆಕ್ಕ ಹಾಕಿದಾಗ ಬಂದ ಉತ್ತರ ಯಾರಿಗೂ ಹಿಡಿಸಲಿಲ್ಲ.

ಮಹಾಪಧಮನಿ ಎಂದರೆ ಹೃದಯದಿಂದ ಹೊರಟು, ಎದೆಯಲ್ಲಿ ಬಾಗಿ, ಬೆನ್ನೆಲುಬಿನ ಮುಂದೆ ಇಳಿದು, ಹೊಕ್ಕುಳದ ಹತ್ತಿರ ಎರಡು ಕವಲಾಗಿ ಕಾಲುಗಳಿಗೆ ಹೋಗುವ ದೊಡ್ಡ ರಕ್ತನಾಳ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ವಯಸ್ಸು, ಬೀಡಿ ಸಿಗರೇಟು, ರಕ್ತದ ಒತ್ತಡ, ಮನೆತನದ ದೋಷ ಇವೆಲ್ಲ ಸೇರಿ ಗೋಡೆ ಸಡಿಲವಾದಾಗ, ಸವೆದ ಸೈಕಲ್ ಟ್ಯೂಬಿನಂತೆ ಒಂದು ಕಡೆ ಊದಿಕೊಳ್ಳುತ್ತದೆ. 3 ಸೆಂಟಿಮೀಟರ್ ದಾಟಿದರೆ ಅದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಗಂಡಸರಲ್ಲಿ 5.5 ಸೆಂಟಿಮೀಟರ್ ಮುಟ್ಟಿದರೆ ದುರಸ್ತಿಯ ಮಾತು ಶುರುವಾಗುತ್ತದೆ. ಅಲ್ಲಿಯವರೆಗೆ ಬಹುತೇಕ ಯಾವ ಲಕ್ಷಣವೂ ಇರುವುದಿಲ್ಲ, ಒಡೆದ ಮೇಲೆ ಸಮಯವೂ ಇರುವುದಿಲ್ಲ. ಬ್ರಿಟನ್ನಿನಲ್ಲಿ 65 ತುಂಬಿದ ಗಂಡಸರನ್ನು ಕರೆದು ಅಲ್ಟ್ರಾಸೌಂಡ್ ಮಾಡುತ್ತಾರೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಮೂತ್ರಕೋಶದ ಕಲ್ಲಿಗೋ ಹೊಟ್ಟೆನೋವಿಗೋ ಸ್ಕ್ಯಾನಿಂಗ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವುದೇ ಹೆಚ್ಚು.

ಈ ಉಬ್ಬಿನ ಮೇಲೆ ಮನುಷ್ಯರು ನಡೆಸಿದ ಪ್ರಯೋಗಗಳ ಪಟ್ಟಿ ದೊಡ್ಡದು, ಬಹುಪಾಲು ದಾರುಣವಾದದ್ದು. 1817ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ಮಹಾಪಧಮನಿಗೇ ದಾರ ಕಟ್ಟಿ ಬಿಗಿದರು, ರೋಗಿ ಎರಡು ದಿನ ಕೂಡ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಉಬ್ಬಿನೊಳಗೆ ಗಜಗಟ್ಟಲೆ ತಂತಿ ತುರುಕಿ ರಕ್ತ ಹೆಪ್ಪುಗಟ್ಟಿಸಲು ನೋಡಿದರು. ದಾರ ಕಟ್ಟಿ ರೋಗಿಯನ್ನು ಉಳಿಸಿಕೊಳ್ಳುವುದು ಸಾಧ್ಯವಾದದ್ದು 1923ರಲ್ಲಿ, ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ, ರುಡಾಲ್ಫ್ ಮಾಟಾಸ್ ಎಂಬ ಸರ್ಜನ್ನರ ಕೈಯಲ್ಲಿ.

ಈ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ರೋಗಿ ಆಲ್ಬರ್ಟ್ ಐನ್‌ಸ್ಟೈನ್. 1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರುಡಾಲ್ಫ್ ನಿಸೆನ್ ಅವರ ಹೊಟ್ಟೆ ತೆರೆದು, ಉಬ್ಬಿದ ನಾಳದ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಹೌದು, ಮಿಠಾಯಿ ಪೊಟ್ಟಣಕ್ಕೆ ಬಳಸುವ ಅದೇ ಸೆಲೋಫೇನ್. ಅದು ಸುತ್ತಲಿನ ಮಾಂಸವನ್ನು ಕೆರಳಿಸಿ ಗಟ್ಟಿ ಪೊರೆ ಕಟ್ಟಿಸುತ್ತದೆ, ಆ ಪೊರೆ ಉಬ್ಬನ್ನು ಬಿಗಿಹಿಡಿಯುತ್ತದೆ ಎಂಬ ನಂಬಿಕೆ. ಆರು ವರ್ಷಕ್ಕೂ ಮೀರಿ ಹಿಡಿಯಿತು. 1955ರ ಏಪ್ರಿಲ್‌ನಲ್ಲಿ ಉಬ್ಬು ಸೋರತೊಡಗಿದಾಗ ಮತ್ತೊಂದು ಆಪರೇಷನ್ನಿಗೆ ಸರ್ಜನ್ ಬಂದು ನಿಂತಿದ್ದರು. ಕೃತಕವಾಗಿ ಬದುಕನ್ನು ಎಳೆದಾಡುವುದು ತನಗೆ ರುಚಿಸದೆಂದು ಐನ್‌ಸ್ಟೈನ್ ಒಪ್ಪಲಿಲ್ಲ. ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು, 76 ವರ್ಷ ವಯಸ್ಸು. ಬೇಡ ಎನ್ನಲು ಅವರಿಗೆ ಒಂದು ಆಯ್ಕೆಯಾದರೂ ಇತ್ತು, ಏಕೆಂದರೆ ಆ ಏಳು ವರ್ಷದೊಳಗೆ ಎಲ್ಲ ಬದಲಾಗಿತ್ತು.

1951ರ ಮಾರ್ಚ್ 29ರಂದು ಪ್ಯಾರಿಸ್ಸಿನಲ್ಲಿ ಶಾರ್ಲ್ ದ್ಯುಬೋ ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು, ಕೆಲವು ವಾರಗಳ ಹಿಂದೆ ಸತ್ತಿದ್ದ ಯುವತಿಯೊಬ್ಬಳ ಮಹಾಪಧಮನಿಯ ತುಂಡನ್ನು ಅಲ್ಲಿ ಹೊಲಿದಿದ್ದರು. ಸತ್ತವರ ನಾಳ ಬೇಕೆಂದಾಗ ಸಿಗುವುದಿಲ್ಲ, ಕಾಲಕ್ರಮೇಣ ಹಾಳೂ ಆಗುತ್ತದೆ. ಹಾಗಾಗಿ ಬಟ್ಟೆಯ ಕಡೆ ಕಣ್ಣು ಹೋಯಿತು. ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿ ನೈಲಾನ್ ತರಲು ಪೇಟೆಯ ದೊಡ್ಡ ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು. ಹೊಸದಾಗಿ ಬಂದಿದೆ, ಇದನ್ನು ಒಯ್ಯಿರಿ ಎಂದು ಅಂಗಡಿಯವರು ಡೇಕ್ರಾನ್ ಬಟ್ಟೆ ಕೊಟ್ಟರು. ಡೇಕ್ರಾನ್ ಎಂದರೆ ಪಾಲಿಯೆಸ್ಟರ್. ಚಿಕ್ಕಂದಿನಲ್ಲಿ ತಾಯಿಯಿಂದ ಹೊಲಿಗೆ ಕಲಿತಿದ್ದ ಡಿಬೇಕಿ, ಮನೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನಿನ ಮುಂದೆ ಕೂತು ಎರಡು ಪದರ ಸೇರಿಸಿ ಕೊಳವೆ ಹೊಲಿದರು. ನೈಲಾನ್ ದೇಹದೊಳಗೆ ಬಲ ಕಳೆದುಕೊಳ್ಳುತ್ತದೆಂದು ಆಮೇಲೆ ತಿಳಿಯಿತು. ಡೇಕ್ರಾನ್ ಇಂದಿಗೂ ಬಳಕೆಯಲ್ಲಿದೆ.

ಈ ತೆರೆದ ಆಪರೇಷನ್ ಒಳ್ಳೆಯದೇ, ಬಾಳಿಕೆ ಬರುವಂಥದ್ದು. ಆದರೆ ರೋಗಿಯ ದೇಹದಿಂದ ಅದು ಕೇಳುವ ಬೆಲೆ ದೊಡ್ಡದು. ಎದೆಮೂಳೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಸೀಳಬೇಕು, ಕರುಳನ್ನೆಲ್ಲ ಪಕ್ಕಕ್ಕೆ ಸರಿಸಬೇಕು, ಮೂತ್ರಪಿಂಡದ ನಾಳಗಳ ಕೆಳಗೆ ಮಹಾಪಧಮನಿಗೆ ಕ್ಲಾಂಪ್ ಹಾಕಬೇಕು. ಕ್ಲಾಂಪ್ ಬಿಗಿದ ಕ್ಷಣ ಹೃದಯದ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ. ಬಿಚ್ಚಿದ ಕ್ಷಣ ರಕ್ತದೊತ್ತಡ ಕುಸಿಯುತ್ತದೆ. ಅರಿವಳಿಕೆ ತಜ್ಞರು ಆ ಎರಡು ಗಳಿಗೆಗಳನ್ನು ದಾಟಿಸಬೇಕು. ಗಟ್ಟಿ ಹೃದಯ ತಡೆದುಕೊಳ್ಳುತ್ತದೆ. ಆದರೆ ಮಹಾಪಧಮನಿ ಉಬ್ಬಿದವರು ಎಂಥವರು? ಹೆಚ್ಚಿನವರು ವಯಸ್ಸಾದವರು, ವರ್ಷಾನುಗಟ್ಟಲೆ ಸಿಗರೇಟು ಸೇದಿದವರು. ನಾಳವನ್ನು ಕೆಡಿಸಿದ ಹೊಗೆ ಅವರ ಹೃದಯವನ್ನೂ ಶ್ವಾಸಕೋಶವನ್ನೂ ಸುಮ್ಮನೆ ಬಿಟ್ಟಿರುವುದಿಲ್ಲ. ಆದ್ದರಿಂದ ಪ್ರತಿ ಆಸ್ಪತ್ರೆಯಲ್ಲೂ ಎರಡು ಸಾಲುಗಳಾದವು: ಆಪರೇಷನ್ನಿಗೆ ಫಿಟ್ ಇರುವವರು, ಅನ್‌ಫಿಟ್ ಆದವರು. ಎರಡನೆಯವರನ್ನು ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸುತ್ತಿದ್ದರು.

ಈ ಎರಡನೆಯ ಸಾಲಿನ ಬಗ್ಗೆ ಯೋಚನೆ ಶುರುಮಾಡಿದವರು ಸರ್ಜನ್ನರಲ್ಲ, ಎಕ್ಸ್‌ರೇ ವಿಭಾಗದವರು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನ ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್, ಕಾಲು ಕೊಳೆಯುತ್ತಿದ್ದ 82 ವರ್ಷದ ಹೆಂಗಸೊಬ್ಬಳ ತೊಡೆಯ ನಾಳದೊಳಗೆ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ ಕಟ್ಟಿಕೊಂಡಿದ್ದ ಜಾಗವನ್ನು ಹಿಗ್ಗಿಸಿದರು. ಕಾಲು ಕತ್ತರಿಸಿಕೊಳ್ಳಲು ಆಕೆ ಒಪ್ಪಿರಲಿಲ್ಲ. ಸಾಯುವ ತನಕ ತನ್ನ ಎರಡು ಕಾಲಲ್ಲೇ ನಡೆದಳು. 1969ರಲ್ಲಿ ಡಾಟರ್ ನಾಯಿಗಳ ನಾಳದೊಳಗೆ ತಂತಿಯ ಸುರುಳಿ ಕೂರಿಸಿ ನೋಡಿದರು. ನಾಳದ ರೋಗವನ್ನು ನಾಳದ ಒಳದಾರಿಯಿಂದಲೇ ತಲುಪಬಹುದೆಂಬ ಯೋಚನೆಯ ಬೇರು ಇಲ್ಲಿದೆ. ಸರ್ಜನ್ನರು ಆ ಕಾಲದಲ್ಲಿ ಡಾಟರ್ ಅವರನ್ನು ತಲೆಕೆಟ್ಟವನೆಂದು ಆಡಿಕೊಳ್ಳುತ್ತಿದ್ದರು.

ಮುಂದಿನ ಹೆಜ್ಜೆ ಬಿದ್ದದ್ದು ಯಾರೂ ನೋಡದ ಕಡೆ. ಆಗಿನ ಸೋವಿಯತ್ ಒಕ್ಕೂಟದ, ಈಗಿನ ಯುಕ್ರೇನಿನ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊದೋಸ್ ಎಂಬ ಸರ್ಜನ್, ಬಟ್ಟೆಯ ಕೊಳವೆಗೆ ಅಂಕುಡೊಂಕಾಗಿ ಮಡಚಿದ ಉಕ್ಕಿನ ಸ್ಪ್ರಿಂಗ್ ಜೋಡಿಸುವ ಕೆಲಸದಲ್ಲಿದ್ದರು. ಮಡಚಿ ಕೊಳವೆಯೊಳಗೆ ತುಂಬಿದರೆ ಸ್ಪ್ರಿಂಗ್ ಸುಮ್ಮನಿರುತ್ತದೆ, ನಾಳದೊಳಗೆ ಬಿಟ್ಟೊಡನೆ ಬಿಚ್ಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ. ಹೊಲಿಗೆ ಬೇಡ. ಅಲ್ಲಿ ಇದನ್ನೆಲ್ಲ ಮಾಡಿಕೊಡುವ ಕಂಪನಿಗಳಿರಲಿಲ್ಲ. ಸ್ಪ್ರಿಂಗು, ಬಟ್ಟೆ, ಸಾಗಿಸುವ ಕೊಳವೆ ಎಲ್ಲವನ್ನೂ ಊರಿನ ಎಂಜಿನಿಯರುಗಳನ್ನು ಜೊತೆಗಿಟ್ಟುಕೊಂಡು ತಾವೇ ರೂಪಿಸಿಕೊಳ್ಳಬೇಕಿತ್ತು. ಮೊದಲು ನಾಯಿಗಳು, ಆಮೇಲೆ 1985ರ ಮೇ 4ರಂದು ಮನುಷ್ಯನ ಸೊಂಟದ ನಾಳದಲ್ಲಿ ಮೊದಲ ಪ್ರಯೋಗ. 1987ರ ಮಾರ್ಚ್ 24ರಂದು ಎದೆಯ ಮಹಾಪಧಮನಿ. ಅಪಘಾತದಿಂದ ಹರಿದು ಉಬ್ಬಿದ್ದ ನಾಳವನ್ನು ಎದೆಗೂಡು ತೆರೆಯದೆ ಒಳಗಿನಿಂದ ಮುಚ್ಚಿದರು. ಜಗತ್ತಿನಲ್ಲಿ ಹೀಗೆ ಮಾಡಿದ್ದು ಇದೇ ಮೊದಲು.

ಬರೆದದ್ದು ರಷ್ಯನ್ ಭಾಷೆಯಲ್ಲಿ, ಸೋವಿಯತ್ ವೈದ್ಯ ಪತ್ರಿಕೆಗಳಲ್ಲಿ. ಪಶ್ಚಿಮದಲ್ಲಿ ಅದನ್ನು ಓದಿದವರಿಲ್ಲ. ಮುಂದೆ ಬ್ಯೂನಸ್ ಐರಿಸ್‌ನವರಿಗೆ ದೊರೆತ ಕೀರ್ತಿಯ ಮುಂದೆ ಖಾರ್ಕಿವ್‌ನ ಹೆಸರು ಬಹುಕಾಲ ಅಡಿಟಿಪ್ಪಣಿಯಲ್ಲೂ ಬರಲಿಲ್ಲ. ಯುರೋಪಿನ ನಾಳಚಿಕಿತ್ಸಾ ಪತ್ರಿಕೆಗಳು ವೊಲೊದೋಸ್ ಅವರ ಸ್ವಂತ ಬರಹವನ್ನು ಕೇಳಿ ಪ್ರಕಟಿಸುವ ಹೊತ್ತಿಗೆ ಅವರಿಗೆ ಎಂಬತ್ತರ ಆಸುಪಾಸು. 2016ರಲ್ಲಿ ಅವರು ತೀರಿಕೊಂಡರು. ಯಾರು ಮೊದಲು ಎಂಬ ಜಗಳಕ್ಕೆ ನನ್ನ ಉತ್ತರ ಸರಳ: ಎದೆಯಲ್ಲಿ ಮೊದಲಿಗರು ವೊಲೊದೋಸ್, ಹೊಟ್ಟೆಯ ಉಬ್ಬನ್ನು ಒಳಗಿನಿಂದ ಮುಚ್ಚಿ ಲೋಕವನ್ನು ನಂಬಿಸಿದವರು ಪರೋಡಿ.

ಪರೋಡಿಗೆ ಈ ಹುಚ್ಚು ಹತ್ತಿದ್ದು 1976ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ತರಬೇತಿ ಪಡೆಯುತ್ತಿದ್ದಾಗ. ಆಪರೇಷನ್ ಚೆನ್ನಾಗಿ ಆಗುತ್ತಿತ್ತು, ಹೊಲಿಗೆ ಸೋರುತ್ತಿರಲಿಲ್ಲ, ಆದರೂ ದುರ್ಬಲ ರೋಗಿಗಳು ಆಮೇಲೆ ಹೃದಯವೋ ಶ್ವಾಸಕೋಶವೋ ಕೈಕೊಟ್ಟು ಸಾಯುತ್ತಿದ್ದರು. ಒಳಗಿನಿಂದ ಹೋದರೆ ಹೇಗೆ ಎಂದು ಆಗಲೇ ಮಾದರಿಗಳನ್ನು ಮಾಡಿ ನೋಡಿದರು, ಯಾವುದೂ ನಿಲ್ಲಲಿಲ್ಲ. ಬಟ್ಟೆಯ ಕೊಳವೆ ಇತ್ತು, ಅದನ್ನು ಗೋಡೆಗೆ ಕಚ್ಚಿಸುವ ಸಾಧನ ಇರಲಿಲ್ಲ.

ಆ ಸಾಧನ ಇನ್ನೊಬ್ಬ ಅರ್ಜೆಂಟೀನಾದವರ ಕೈಯಲ್ಲಿ ಬೆಳೆಯುತ್ತಿತ್ತು. ಲಾ ಪ್ಲಾಟಾದಲ್ಲಿ ಹುಟ್ಟಿ ಅಮೆರಿಕದ ಟೆಕ್ಸಸ್ಸಿನಲ್ಲಿ ನೆಲೆಸಿದ್ದ ರೇಡಿಯಾಲಜಿಸ್ಟ್ ಹುಲಿಯೊ ಪಾಲ್ಮಾಸ್ 1978ರಲ್ಲಿ ಬಲೂನ್ ಆಂಜಿಯೋಪ್ಲಾಸ್ಟಿಯ ಜನಕ ಗ್ರುಂಟ್ಸಿಗ್ ಅವರ ಭಾಷಣ ಕೇಳಿದ್ದರು. ಬಲೂನ್ ಹಿಗ್ಗಿಸಿದ ನಾಳ ಮತ್ತೆ ಮುಚ್ಚಿಕೊಳ್ಳುತ್ತದೆಂಬ ತೊಡಕು ಅವರ ತಲೆ ಹೊಕ್ಕಿತು. ಗಾರೆ ಕೆಲಸದವರು ಅವರ ಗ್ಯಾರೇಜಿನಲ್ಲಿ ಬಿಟ್ಟುಹೋಗಿದ್ದ ಲೋಹದ ಜಾಲರಿಯ ತುಂಡೊಂದನ್ನು ನೋಡಿ, ಸೀಳುಗಳಿರುವ ಲೋಹದ ಕೊಳವೆಯನ್ನು ಬಲೂನಿನ ಮೇಲೆ ಕೂರಿಸಿ ಊದಿದರೆ ಅದು ಹಿಗ್ಗಿ ಹಾಗೇ ನಿಲ್ಲುತ್ತದೆಂದು ಹೊಳೆಯಿತು. ಅದೇ ಈಗ ಹಳ್ಳಿಯವರ ಬಾಯಲ್ಲೂ ಇರುವ ಸ್ಟೆಂಟ್. ಇದಕ್ಕೆ ದುಡ್ಡು ಹಾಕಿದ್ದು ಒಬ್ಬ ಹೋಟೆಲ್ ಉದ್ಯಮಿ, ಫಿಲ್ ರೊಮಾನೊ.

ಪರೋಡಿ ಪಾಲ್ಮಾಸ್ ಅವರನ್ನು ಹುಡುಕಿಕೊಂಡು ಹೋದರು. ಹೃದಯದ ನಾಳಕ್ಕೆ ಮೂರು ಮಿಲಿಮೀಟರಿನ ಸ್ಟೆಂಟ್ ಸಾಕು, ಮಹಾಪಧಮನಿಗೆ ಎರಡು ಸೆಂಟಿಮೀಟರ್ ದಾಟಬೇಕು. ಆ ಅಳತೆಯ ಸ್ಟೆಂಟು, ಬಲೂನು, ಬಟ್ಟೆ ಇವನ್ನು ಹೊಂದಿಸುವ ಕೆಲಸ ಎಂಜಿನಿಯರ್ ಎಕ್ತೊರ್ ಬರೋನೆ ಪಾಲಿಗೆ ಬಂತು. ನಾಯಿಗಳಲ್ಲಿ ಕೃತಕ ಉಬ್ಬು ಮಾಡಿ, ಅದನ್ನು ಮುಚ್ಚಿ, ತಿಂಗಳುಗಳ ಬಳಿಕ ತೆರೆದು ನೋಡಿದರು.

1990ರ ಆ ದಿನದ ಕೆಲಸ ಹೇಳಿದರೆ ಸರಳವಾಗಿ ಕೇಳಿಸುತ್ತದೆ. ತೊಡೆಸಂದಿನಲ್ಲಿ ಚರ್ಮ ಕೊಯ್ದು ನಾಳವನ್ನು ಬಿಡಿಸಿಕೊಳ್ಳುವುದು. ಸೂಜಿ, ಅದರೊಳಗಿಂದ ಗೈಡ್‌ವೈರ್, ತಂತಿಯ ಮೇಲೆ ದಪ್ಪ ಕೊಳವೆ. ಕೊಳವೆಯೊಳಗೆ ಬಲೂನು, ಬಲೂನಿನ ಮೇಲೆ ಸ್ಟೆಂಟು, ಸ್ಟೆಂಟಿಗೆ ಹೊಲಿದ ಡೇಕ್ರಾನ್. ಎಕ್ಸ್‌ರೇ ಪರದೆಯ ಮೇಲೆ ಮೂತ್ರಪಿಂಡದ ನಾಳಗಳು ಎಲ್ಲಿ ಕವಲೊಡೆಯುತ್ತವೆಂದು ಗುರುತಿಸಿ, ಅದರ ಕೆಳಗೆ ನಿಲ್ಲಿಸಬೇಕು. ಒಂದು ಸೆಂಟಿಮೀಟರ್ ಮೇಲೆ ಹೋದರೆ ಮೂತ್ರಪಿಂಡಕ್ಕೆ ರಕ್ತ ನಿಲ್ಲುತ್ತದೆ, ಕೆಳಗೆ ಇಳಿದರೆ ಹಿಡಿತ ಸಿಗುವುದಿಲ್ಲ. ಬಲೂನ್ ಊದಿದಾಗ ಮೇಲಿನಿಂದ ಬರುವ ರಕ್ತ ಅದನ್ನು ಕೆಳಕ್ಕೆ ನೂಕುತ್ತದೆ, ಅದಕ್ಕಾಗಿ ರೋಗಿಯ ರಕ್ತದೊತ್ತಡವನ್ನು ಬೇಕೆಂದೇ ತಗ್ಗಿಸುತ್ತಾರೆ. ಊದಿ, ಇಳಿಸಿ, ಬಣ್ಣದ ದ್ರವ ಬಿಟ್ಟು ನೋಡುವುದು. ದ್ರವ ಕೊಳವೆಯೊಳಗೇ ಹರಿದು, ಉಬ್ಬಿನ ಚೀಲಕ್ಕೆ ಹೋಗದಿದ್ದರೆ ಕೆಲಸ ಆದಂತೆ.

1991ರಲ್ಲಿ ಮೂವರೂ ಸೇರಿ ಐದು ರೋಗಿಗಳ ವರದಿ ಪ್ರಕಟಿಸಿದರು. ಐವರೂ ಬೇರೆ ಗಂಭೀರ ಕಾಯಿಲೆಗಳಿದ್ದವರು. ಕೆಲವರಲ್ಲಿ ಮೇಲಿನ ತುದಿಗೆ ಮಾತ್ರ ಸ್ಟೆಂಟ್ ಹಾಕಿ ಕೆಳತುದಿಯನ್ನು ಬಿಟ್ಟಿದ್ದರು, ರಕ್ತದ ಒತ್ತಡವೇ ಬಟ್ಟೆಯನ್ನು ಗೋಡೆಗೆ ಒತ್ತುತ್ತದೆಂದು. ಒತ್ತಲಿಲ್ಲ. ಕೆಳಗಿನಿಂದ ರಕ್ತ ಹಿಂದಕ್ಕೆ ನುಗ್ಗಿ ಚೀಲ ಸೇರುತ್ತಿತ್ತು. ಎರಡೂ ತುದಿ ಬಿಗಿಯಬೇಕೆಂಬುದು ಹೀಗೆ ರೋಗಿಗಳ ಮೈಮೇಲೆಯೇ ಕಲಿತ ಪಾಠ.

ಆಮೇಲೆ ಓಟ. 1992ರ ನವೆಂಬರ್ 23ರಂದು ಪರೋಡಿ ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಗೆ ಹೋಗಿ, ಫ್ರಾಂಕ್ ವೀತ್ ತಂಡದ ಜೊತೆ ಅಮೆರಿಕದ ಮೊದಲ ಇಂಥ ದುರಸ್ತಿ ಮಾಡಿದರು. ಅದೂ ಆಪರೇಷನ್ ತಾಳದ ರೋಗಿಗೇ. ಅದೇ ವರ್ಷ ಸ್ಟ್ಯಾನ್‌ಫರ್ಡಿನಲ್ಲಿ ಮೈಕೆಲ್ ಡೇಕ್ ಎದೆಯ ಮಹಾಪಧಮನಿಗೆ ಕೈಯಾರೆ ಹೊಲಿದ ಸ್ಟೆಂಟ್‌ಗ್ರಾಫ್ಟ್, ಅಂದರೆ ಸ್ಟೆಂಟಿಗೆ ಜೋಡಿಸಿದ ಬಟ್ಟೆಯ ಕೊಳವೆ, ಕೂರಿಸಿದರು, 1994ರಲ್ಲಿ 13 ರೋಗಿಗಳ ವರದಿ ಬಂತು. ನೇರ ಕೊಳವೆ ಎಲ್ಲರಿಗೂ ಒಗ್ಗುವುದಿಲ್ಲ, ಉಬ್ಬು ಸಾಮಾನ್ಯವಾಗಿ ಕವಲಿನವರೆಗೂ ಇಳಿದಿರುತ್ತದೆ. ಹಾಗಾಗಿ ಟಿಮತಿ ಚೂಟರ್ ಮುಂತಾದವರು ಪ್ಯಾಂಟಿನ ಆಕಾರದ, ಎರಡು ಕಾಲಿನ ಗ್ರಾಫ್ಟ್ ಮಾಡಿದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮೈಕೆಲ್ ಲಾರೆನ್ಸ್ ಬ್ರೌನ್ ಮತ್ತು ಡೇವಿಡ್ ಹಾರ್ಟ್ಲಿ ಮೂತ್ರಪಿಂಡದ ನಾಳಗಳಿಗೆ ಕಿಂಡಿ ಬಿಟ್ಟ ಗ್ರಾಫ್ಟುಗಳವರೆಗೂ ಕೆಲಸವನ್ನು ಒಯ್ದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1994ರಲ್ಲಿ ಆಗಲೇ ಒಡೆದಿದ್ದ ಉಬ್ಬನ್ನೂ ಒಳಗಿನಿಂದ ಮುಚ್ಚಿದರು.

1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು: ಆನ್‌ಕ್ಯೂರ್ ಮತ್ತು ಅನ್ಯೂರೆಕ್ಸ್. ಅಲ್ಲಿಂದ ಈ ವಿಧಾನ ಮಾರುಕಟ್ಟೆಯ ಸರಕಾಯಿತು. ಆನ್‌ಕ್ಯೂರ್ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಗೈಡೆಂಟ್ ಎಂಬ ದೊಡ್ಡ ಕಂಪನಿಯ ಅಂಗಸಂಸ್ಥೆ ಎಂಡೋವ್ಯಾಸ್ಕುಲರ್ ಟೆಕ್ನಾಲಜೀಸ್ ಇದನ್ನು ತಯಾರಿಸುತ್ತಿತ್ತು. ಗ್ರಾಫ್ಟ್ ಚೆನ್ನಾಗಿತ್ತು, ಅದನ್ನು ಸಾಗಿಸುವ ಕೊಳವೆಯೇ ತೊಂದರೆ. ಕೆಲವೊಮ್ಮೆ ಅದು ರೋಗಿಯ ನಾಳದೊಳಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹೊರಗೂ ಬರದು, ಒಳಗೂ ಹೋಗದು. ಆಗ ಹಿಡಿಯನ್ನೇ ಮುರಿದು, ಒಳಗಿನ ತಂತಿಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ ಎಂದು ಕಂಪನಿಯ ಪ್ರತಿನಿಧಿಗಳು ಆಪರೇಷನ್ ಥಿಯೇಟರಿನಲ್ಲೇ ನಿಂತು ಡಾಕ್ಟರುಗಳಿಗೆ ಹೇಳಿಕೊಟ್ಟರು. ಹಾಗೆ ಮಾಡಬಹುದೆಂದು ಎಫ್‌ಡಿಎ ಒಪ್ಪಿರಲಿಲ್ಲ, ಅದಕ್ಕೆ ಗೊತ್ತೂ ಇರಲಿಲ್ಲ. ಕಂಪನಿಯ ಏಳು ಮಂದಿ ನೌಕರರು ಹೆಸರು ಹಾಕದೆ ಎಫ್‌ಡಿಎಗೆ ಪತ್ರ ಬರೆದ ಮೇಲೆ ಹೊರಬಿದ್ದ ಲೆಕ್ಕ ಹೀಗಿತ್ತು: ಮಾರಿದ್ದು 7,632 ಸಾಧನ, ತೊಂದರೆಯಾಯಿತೆಂದು ವರದಿ ಮಾಡಿದ್ದು 172 ಪ್ರಕರಣ, ಮುಚ್ಚಿಟ್ಟದ್ದು 2,628. ಮುಚ್ಚಿಟ್ಟವುಗಳಲ್ಲಿ 12 ಸಾವುಗಳಿದ್ದವು. 57 ಮಂದಿಗೆ ತುರ್ತಾಗಿ ಹೊಟ್ಟೆ ತೆರೆಯಬೇಕಾಗಿತ್ತು. 2003ರ ಜೂನಿನಲ್ಲಿ ಕಂಪನಿ ತಪ್ಪೊಪ್ಪಿಕೊಂಡು 9.24 ಕೋಟಿ ಡಾಲರ್ ದಂಡ ಕಟ್ಟಿತು. ಅದೇ ವರ್ಷ ಆನ್‌ಕ್ಯೂರ್ ಅಂಗಡಿ ಮುಚ್ಚಿತು.

ಹೊಟ್ಟೆ ತೆರೆದರೆ ಬದುಕುವುದಿಲ್ಲವೆಂದು ತೀರ್ಮಾನವಾದವರಿಗಾಗಿ ಈ ದಾರಿ ಹುಟ್ಟಿದ್ದು. ದಾರಿಯ ನಡುವೆ ಸಾಧನ ಸಿಕ್ಕಿಕೊಂಡರೆ ಅವರ ಹೊಟ್ಟೆಯನ್ನೇ, ಅದೂ ತುರ್ತಾಗಿ, ತೆರೆಯಬೇಕು. ಆ ಅಂಕಿಗಳಲ್ಲಿ ನನಗೆ ಹೆಚ್ಚು ನಡುಕ ಹುಟ್ಟಿಸುವುದು ಆ 57.

ಸಾಧನಗಳು ಬರಬರುತ್ತ ಸುಧಾರಿಸಿದವು. ಸಾಗಿಸುವ ಕೊಳವೆ ತೆಳುವಾಯಿತು, ಈಗ ಎಷ್ಟೋ ರೋಗಿಗಳಿಗೆ ಚರ್ಮ ಕೊಯ್ಯುವ ಅಗತ್ಯವೂ ಇಲ್ಲ, ಸೂಜಿಯ ತೂತೇ ಸಾಕು. ಸೋರಿಕೆ ಮಾತ್ರ ಪೂರ್ತಿ ಹೋಗಲಿಲ್ಲ. ಗ್ರಾಫ್ಟ್ ಕೂತ ಮೇಲೂ ಚೀಲದೊಳಕ್ಕೆ ರಕ್ತ ನುಸುಳುವುದಕ್ಕೆ ಎಂಡೋಲೀಕ್ ಎನ್ನುತ್ತಾರೆ. ತುದಿಯಿಂದ ಸೋರಬಹುದು, ಗೋಡೆಯ ಸಣ್ಣ ನಾಳಗಳಿಂದ ಹಿಂದಕ್ಕೆ ಬರಬಹುದು, ಜೋಡಣೆ ಬಿಟ್ಟುಕೊಳ್ಳಬಹುದು. ಆದ್ದರಿಂದ ರೋಗಿಗೆ ಬಿಡುಗಡೆ ಇಲ್ಲ, ಬದುಕಿರುವ ತನಕ ಆಗಾಗ ಸ್ಕ್ಯಾನ್ ಮಾಡಿಸಬೇಕು. ನಮ್ಮ ಕಡೆ ಡಿಸ್ಚಾರ್ಜ್ ಆದರೆ ಕಾಯಿಲೆ ಮುಗಿಯಿತೆಂದು ಊರು ಸೇರುವವರೇ ಹೆಚ್ಚು. ಬೆಂಗಳೂರಿನಲ್ಲಿ ಕೂರಿಸಿಕೊಂಡ ಗ್ರಾಫ್ಟಿನ ಮೇಲೆ ಬೀದರಿನಲ್ಲೋ ಕೊಡಗಿನಲ್ಲೋ ಯಾರು ಕಣ್ಣಿಡುತ್ತಾರೆಂಬುದು ಗ್ರಾಫ್ಟಿನ ಬೆಲೆಯಷ್ಟೇ ದೊಡ್ಡ ಪ್ರಶ್ನೆ.

ಬ್ರಿಟನ್ನಿನ ಸರ್ಜನ್ ರೋಜರ್ ಗ್ರೀನ್‌ಹಾಲ್ 1999ರಲ್ಲಿ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಶುರುಮಾಡಿದರು. ಮೊದಲನೆಯದು ಇವಾರ್ 1, ಆಪರೇಷನ್ನಿಗೆ ಫಿಟ್ ಇದ್ದ 1,082 ಮಂದಿ. ಅರ್ಧ ಜನಕ್ಕೆ ಹೊಟ್ಟೆ ತೆರೆದು, ಅರ್ಧ ಜನಕ್ಕೆ ಒಳದಾರಿಯಿಂದ. ಮೊದಲ 30 ದಿನದಲ್ಲಿ ಸತ್ತವರು ತೆರೆದ ಆಪರೇಷನ್ನಿನಲ್ಲಿ 4.7 ಶೇಕಡ, ಒಳದಾರಿಯಲ್ಲಿ 1.7 ಶೇಕಡ. 2004ರಲ್ಲಿ ಈ ಅಂಕಿ ಹೊರಬಂದಾಗ ಸಂಭ್ರಮವೋ ಸಂಭ್ರಮ. ಆದರೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಒಟ್ಟು ಸಾವಿನ ಲೆಕ್ಕ ಎರಡು ಕಡೆಯೂ ಸಮವಾಗಿತ್ತು. ಎಂಟು ವರ್ಷ ದಾಟಿದ ಮೇಲಂತೂ ತೆರೆದ ಆಪರೇಷನ್ನೇ ಮೇಲಾಯಿತು, ಏಕೆಂದರೆ ಒಳಗೆ ಕೂರಿಸಿದ ಗ್ರಾಫ್ಟುಗಳು ಸೋರಿ ಕೆಲವು ಚೀಲಗಳು ತಡವಾಗಿ ಒಡೆದಿದ್ದವು.

ಎರಡನೆಯದು ಇವಾರ್ 2. ಪರೋಡಿಯ ಮೊದಲ ರೋಗಿಯಂಥವರೇ ಇದರಲ್ಲಿದ್ದವರು. ವಯಸ್ಸು 60 ದಾಟಿ, ಉಬ್ಬು 5.5 ಸೆಂಟಿಮೀಟರ್ ಮುಟ್ಟಿ, ತೆರೆದ ಆಪರೇಷನ್ನಿಗೆ ಅನ್‌ಫಿಟ್ ಎಂದು ಸರ್ಜನ್ನರು ಕೈಬಿಟ್ಟ 338 ಮಂದಿ. ಚೀಟಿ ಎತ್ತಿದಂತೆ 166 ಮಂದಿಗೆ ಒಳದಾರಿಯ ದುರಸ್ತಿ, 172 ಮಂದಿಗೆ ಏನೂ ಮಾಡದೆ ಔಷಧಿ ಮಾತ್ರ. 2005ರಲ್ಲಿ ಫಲಿತಾಂಶ ಬಂತು. ದುರಸ್ತಿಯಾದವರಲ್ಲಿ 30 ದಿನದೊಳಗೆ 9 ಶೇಕಡ ಮಂದಿ ಸತ್ತಿದ್ದರು. ಗಟ್ಟಿ ಜನರಲ್ಲಿ 1.7, ಇವರಲ್ಲಿ 9. ನಾಲ್ಕು ವರ್ಷದ ಹೊತ್ತಿಗೆ ಎರಡೂ ಗುಂಪು ಸೇರಿ 64 ಶೇಕಡ ಮಂದಿ ಹೋಗಿದ್ದರು, ಒಟ್ಟು ಸಾವಿನಲ್ಲಿ ಗುಂಪು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. 2010ರ ವಿಸ್ತೃತ ವರದಿ ಇದನ್ನೇ ಬೇರೆ ಬಗೆಯಲ್ಲಿ ಹೇಳಿತು: ದುರಸ್ತಿಯಾದವರು ಉಬ್ಬು ಒಡೆದು ಸಾಯುವುದು ಕಡಿಮೆಯಾಗಿತ್ತು, ಆದರೆ ಅಷ್ಟೇ ಬೇಗ ಹೃದಯದಿಂದಲೋ ಶ್ವಾಸಕೋಶದಿಂದಲೋ ಸಾಯುತ್ತಿದ್ದರು. ಗ್ರಾಫ್ಟ್ ತನ್ನ ಕೆಲಸ ಮಾಡಿತ್ತು. ಉಳಿದ ದೇಹ ಕಾಯಲಿಲ್ಲ.

ಜಗಳ ಹತ್ತಿತು. ಔಷಧಿ ಗುಂಪಿಗೆ ಬಿದ್ದ 172 ಮಂದಿಯಲ್ಲಿ 47 ಜನ ಆಮೇಲೆ ಹೇಗೋ ದುರಸ್ತಿ ಮಾಡಿಸಿಕೊಂಡಿದ್ದರು. ದುರಸ್ತಿ ಗುಂಪಿನ ಕೆಲವರು ಸರದಿ ಬರುವ ಮೊದಲೇ ಸತ್ತಿದ್ದರು, ಅವರ ಸಾವೂ ದುರಸ್ತಿಯ ಲೆಕ್ಕಕ್ಕೇ ಬಿತ್ತು. ಇದು ವಿಧಾನದ ಸೋಲಲ್ಲ, ಪರೀಕ್ಷೆಯ ಸೋಲು ಎಂದು ಹಲವು ಸರ್ಜನ್ನರು ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ತಾವು ಕಣ್ಣಾರೆ ಕಂಡ, ನಡೆದು ಮನೆಗೆ ಹೋದ ರೋಗಿಯನ್ನು ಮರೆತು ಪಟ್ಟಿಯಲ್ಲಿನ ಸಂಖ್ಯೆಯನ್ನು ನಂಬುವುದು ಯಾವ ಡಾಕ್ಟರಿಗೂ ಕಷ್ಟ. ಗ್ರೀನ್‌ಹಾಲ್ ತಂಡ ಹೇಳಿದ್ದು ಇಷ್ಟು: ಅವಸರದಲ್ಲಿ ಗ್ರಾಫ್ಟ್ ಹಾಕುವ ಮೊದಲು ಆ ಮನುಷ್ಯನ ಹೃದಯ, ಉಸಿರು, ಮೂತ್ರಪಿಂಡ ಸುಧಾರಿಸುವ ಕೆಲಸ ಮಾಡಿ.

ಇದೇ ಹೊತ್ತಿಗೆ ಹ್ಯೂಸ್ಟನ್ನಿನಲ್ಲಿ ಒಂದು ಘಟನೆ ನಡೆಯಿತು. 2005ರ ಡಿಸೆಂಬರ್ 31ರಂದು 97 ವರ್ಷದ ಮೈಕೆಲ್ ಡಿಬೇಕಿ ಮನೆಯಲ್ಲಿ ಒಬ್ಬರೇ ಕೂತು ಭಾಷಣ ಸಿದ್ಧಪಡಿಸುತ್ತಿದ್ದಾಗ ಎದೆಯಲ್ಲಿ ಸೀಳಿದಂಥ ನೋವು ಬಂತು. ತನ್ನ ಮಹಾಪಧಮನಿಯ ಒಳಪದರ ಹರಿದಿದೆಯೆಂದು ಅವರಿಗೇ ಗೊತ್ತಾಯಿತು. ಆ ರೋಗದ ಆಪರೇಷನ್ ರೂಪಿಸಿದವರೇ ಅವರು. ಹರಿದದ್ದು ಹೃದಯಕ್ಕೆ ಅಂಟಿಕೊಂಡ ಮೇಲ್ಭಾಗದಲ್ಲಿ, ಅಲ್ಲಿ ತೊಡೆಸಂದಿನ ದಾರಿ ನಡೆಯದು, ಎದೆ ತೆರೆಯಲೇಬೇಕು. ಡಿಬೇಕಿ ಬೇಡ ಎಂದರು, ವಾರಗಟ್ಟಲೆ ಬೇಡ ಎಂದೇ ಇದ್ದರು. ಫೆಬ್ರವರಿಯಲ್ಲಿ ಎಚ್ಚರ ತಪ್ಪಿತು. ಆ ವಯಸ್ಸಿನವರಿಗೆ, ಅದೂ ಬೇಡವೆಂದಿದ್ದವರಿಗೆ ಅರಿವಳಿಕೆ ಕೊಡಲು ಆಸ್ಪತ್ರೆಯ ಅರಿವಳಿಕೆ ತಜ್ಞರು ಒಪ್ಪಲಿಲ್ಲ. ನೀತಿ ಸಮಿತಿ ರಾತ್ರಿ ಸಭೆ ಸೇರಿತು. ಅವರ ಹೆಂಡತಿ ಕತ್ರಿನ್ ಸಭೆಯೊಳಕ್ಕೇ ನುಗ್ಗಿ, ಈಗಲೇ ಮಾಡಿ ಎಂದು ಪಟ್ಟು ಹಿಡಿದರು. ಬೇರೆ ಆಸ್ಪತ್ರೆಯಿಂದ ಅರಿವಳಿಕೆ ತಜ್ಞರು ಬಂದರು. ದಶಕಗಳ ಸಹೋದ್ಯೋಗಿ ಜಾರ್ಜ್ ನೂನ್ ಹರಿದ ಭಾಗ ತೆಗೆದು ಡೇಕ್ರಾನ್ ಕೊಳವೆ ಹೊಲಿದರು. ತಿಂಗಳುಗಳ ಕಾಲ ಆಸ್ಪತ್ರೆ, ವೆಂಟಿಲೇಟರ್, ಡಯಾಲಿಸಿಸ್. ಆಮೇಲೆ ಡಿಬೇಕಿ ಎದ್ದರು, ಕೆಲಸಕ್ಕೂ ಮರಳಿದರು. ಆಪರೇಷನ್ ಮಾಡಿದ್ದೇ ಸರಿಯಾಯಿತು ಎಂದರು. ನೂರು ತುಂಬಲು ಎರಡು ತಿಂಗಳಿರುವಾಗ, 2008ರ ಜುಲೈನಲ್ಲಿ ತೀರಿಕೊಂಡರು.

ಇವಾರ್ 2ರ ಅಂಕಿಗಳಿಗೆ ಇದು ಉತ್ತರವೇ? ಅಲ್ಲ. ಒಬ್ಬ ಡಿಬೇಕಿಗೆ ಸಿಕ್ಕ ತಂಡ, ಹಣ, ಹಾಸಿಗೆ ಆ 338 ಮಂದಿಯಲ್ಲಿ ಎಷ್ಟು ಜನಕ್ಕೆ ಸಿಕ್ಕೀತು? ಆದರೆ ಅನ್‌ಫಿಟ್ ಎಂಬ ಷರಾ ಬರೆಯುವ ಕೈ ಎಷ್ಟು ಸಲ ತಪ್ಪಬಹುದೆಂಬುದಕ್ಕೆ ಸಾಕ್ಷಿ ಹೌದು.

2018ರ ಮೇ ತಿಂಗಳಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ ಒಂದು ಕರಡು ಹೊರಡಿಸಿತು. ಒಡೆಯದ ಉಬ್ಬಿಗೆ ಒಳದಾರಿಯ ದುರಸ್ತಿ ಬೇಡ, ತೆರೆದ ಆಪರೇಷನ್ ತಾಳದವರಿಗಂತೂ ಬೇಡವೇ ಬೇಡ ಎಂಬುದು ಅದರ ಸಾರ. ನಾಳತಜ್ಞರು ದಿನಾ ಮಾಡುತ್ತಿದ್ದ ಕೆಲಸ ಅದು, ಕೂಗು ಏಳದೆ ಇದ್ದೀತೆ? ಎಂಬತ್ತು ದಾಟಿದ ರೋಗಿಗೆ ಇನ್ನು ಏನು ಹೇಳಿ ಕಳಿಸಬೇಕೆಂದು ಸರ್ಜನ್ನರು ಕೇಳಿದರು. ಹಣ ಉಳಿಸುವ ಹುನ್ನಾರವೆಂದು ಕೆಲವರು, ಲೆಕ್ಕ ಸರಿಯಾಗಿಯೇ ಇದೆ, ಒಪ್ಪಿಕೊಳ್ಳುವ ಎದೆಗಾರಿಕೆ ಇಲ್ಲ ಅಷ್ಟೆ ಎಂದು ಇನ್ನು ಕೆಲವರು. ಸುಮಾರು ಎರಡು ವರ್ಷ ಎಳೆದಾಡಿ 2020ರ ಮಾರ್ಚಿನಲ್ಲಿ ಅಂತಿಮ ಮಾರ್ಗಸೂಚಿ ಬಂದಾಗ ದನಿ ಇಳಿದಿತ್ತು. ತೆರೆದ ಆಪರೇಷನ್ ತಾಳುವವರಿಗೆ ಅದನ್ನೇ ಮೊದಲು ಹೇಳಿ. ತಾಳದವರ ಮುಂದೆ ಒಳದಾರಿಯನ್ನೂ ಇಡಬಹುದು, ಏನೂ ಮಾಡದೆ ಔಷಧಿಯಲ್ಲಿ ಇರುವುದನ್ನೂ ಇಡಬಹುದು. ಎರಡರ ಅಪಾಯವನ್ನೂ ಬಿಡಿಸಿ ಹೇಳಿ, ರೋಗಿಯ ಜೊತೆ ಕೂತು ನಿರ್ಧಾರಕ್ಕೆ ಬನ್ನಿ.